ಚಲಿಸುವ ಮನೆಯ ಬೆಳಕು: ಬ್ಯಾಟರಿಯನ್ನು ದೂರುವ ಮೊದಲು

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದತ್ತ ಸಾಗುವ ದಾರಿಗಳಲ್ಲಿ, ಅವು ಬೈಲಹೊಂಗಲದ ಎರೆಹೊಲಗಳ ನಡುವಿನಿಂದ ಬರುವವಾಗಲಿ, ರಾಮದುರ್ಗದ ಕಡೆಯ ಕಲ್ಲುಬಯಲನ್ನು ದಾಟಿ ಬರುವವಾಗಲಿ, ಜನರು ತಮ್ಮ ಮನೆಗಳನ್ನೇ ಗಾಲಿಗಳ ಮೇಲೆ ಏರಿಸಿಕೊಂಡು ಹೊರಟ ದೃಶ್ಯವು ಕಾಣತೊಡಗುತ್ತದೆ. ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ನೆರೆಯುವ ಈ ಜನಸಮುದಾಯದಲ್ಲಿ ಹಲವು ಕುಟುಂಬಗಳು ಗುಡ್ಡದ ಮೇಲೆ ದಿನಗಟ್ಟಲೆ ತಂಗಿ, ಜೋಗುಳಬಾವಿಯಲ್ಲಿ ಮಿಂದು, ಬಯಲಿನಲ್ಲಿ ಒಲೆ ಹೂಡಿ ಅಡಿಗೆ ಮಾಡಿ, ದೇವಿಗೆ ಪಡ್ಡಲಗಿ ತುಂಬಿಸಿ, ಅನಂತರವೇ ಊರಿನ ಹಾದಿ ಹಿಡಿಯುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಹಿಂದೆ ಆ ಸಂಚಾರದ ಮನೆಯೆಂದರೆ ಕೊಲ್ಲಾರಿ ಕಟ್ಟಿದ ಎತ್ತಿನ ಬಂಡಿ; ಅದರ ಬೆಳಕೆಂದರೆ ಬಂಡಿಯ ಕೆಳಗೆ ತೂಗುವ ಕಂದೀಲು. ಇಂದು ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರಿನ ಟ್ರೇಲರು, ಮಲಗಲು ಹಲಗೆ ಜೋಡಿಸಿದ ಟೆಂಪೊ, ಹಳೆಯ ಬಸ್ಸನ್ನು ಮಾರ್ಪಡಿಸಿ ಮಾಡಿದ ಸಂಚಾರಿ ಮನೆ, ಅಲ್ಲೊಂದು ಇಲ್ಲೊಂದು ಸಕಲ ಸೌಕರ್ಯಗಳುಳ್ಳ ಕ್ಯಾರವಾನು, ಇವು ಆ ಬಂಡಿಯ ಸ್ಥಾನವನ್ನು ಆಕ್ರಮಿಸಿವೆ. ಅವುಗಳೊಳಗೆ ಎಲ್‌ಇಡಿ ದೀಪ, ಫ್ಯಾನು, ಮೊಬೈಲುಗಳು, ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇನ್ಸುಲಿನ್ ಇಡಲು ಒಂದು ಪುಟ್ಟ ಫ್ರಿಜ್ಜು, ಈ ಎಲ್ಲಕ್ಕೂ ಆಧಾರವಾಗಿ ಒಂದು ಇನ್ವರ್ಟರು, ಒಂದು ಬ್ಯಾಟರಿ.

ಈ ಚಲಿಸುವ ಮನೆಗಳ ಒಡೆಯರಲ್ಲಿ ಪದೇ ಪದೇ ಕೇಳಿಬರುವ ಅಳಲು ಒಂದೇ: ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದರೂ ಮರುದಿನ ಹೊತ್ತು ಮುಳುಗುವುದರೊಳಗೆ ಬ್ಯಾಟರಿ ಕೂತುಬಿಡುತ್ತದೆ. ಅದಕ್ಕೆ ಅವರು ಹುಡುಕಿಕೊಳ್ಳುವ ಪರಿಹಾರವೂ ಒಂದೇ: ಹೊಸ ಬ್ಯಾಟರಿ. ಹತ್ತಾರು ಸಾವಿರ ರೂಪಾಯಿ ತೆತ್ತು ತಂದ ಹೊಸ ಬ್ಯಾಟರಿಯೂ ಕೆಲವು ತಿಂಗಳುಗಳಲ್ಲಿ ಹಳೆಯದರ ಹಾದಿಯನ್ನೇ ಹಿಡಿದಾಗ ಅವರು ಕಂಪನಿಯನ್ನೋ ಅಂಗಡಿಯನ್ನೋ ಹಣೆಬರಹವನ್ನೋ ದೂಷಿಸುತ್ತಾರೆ. ನಾನು ಈ ಲೇಖನದಲ್ಲಿ ಹೇಳಬಯಸುವುದು ಇಷ್ಟೇ: ಇಂತಹ ಪ್ರಸಂಗಗಳಲ್ಲಿ ಬಹುಪಾಲು ದೋಷವು ಬ್ಯಾಟರಿಯಲ್ಲಿ ಹುಟ್ಟಿದ್ದಲ್ಲ, ವಿದ್ಯುತ್ತು ಬ್ಯಾಟರಿಯನ್ನು ಸೇರುವ ದಾರಿಯಲ್ಲಿ ಹುಟ್ಟಿದ್ದು, ಆ ದಾರಿಯನ್ನು ಗೋಡೆಯ ಸಾಕೆಟ್ಟಿನಿಂದ ಆರಂಭಿಸಿ ಹೆಜ್ಜೆ ಹೆಜ್ಜೆಗೂ ಅಳೆಯುತ್ತ ಹೋದರೆ ದೋಷದ ನೆಲೆ ತಾನಾಗಿ ಗೋಚರವಾಗುತ್ತದೆ. ಈ ಮಾತು ಗಾಲಿಯ ಮನೆಗೆ ಮಾತ್ರವಲ್ಲ, ಕಿತ್ತೂರಿನಲ್ಲಾಗಲಿ ಮುರಗೋಡದಲ್ಲಾಗಲಿ ಇನ್ವರ್ಟರು ಇಟ್ಟುಕೊಂಡ ಪ್ರತಿಯೊಂದು ಮನೆಗೂ ಅನ್ವಯಿಸತಕ್ಕದ್ದು. ಏಕೆಂದರೆ ಎರಡರ ಅಂಗಾಂಗಗಳೂ ಒಂದೇ.

ಎರಡು ವಿಧದ ವಿದ್ಯುತ್ತು, ಒಂದು ಮನೆ

ಸಂಚಾರಿ ಮನೆಯೊಳಗೆ ಎರಡು ಸ್ವಭಾವದ ವಿದ್ಯುತ್ತುಗಳು ಒಟ್ಟಿಗೆ ಬಾಳುತ್ತವೆ. ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ತಂತಿಯಿಂದ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಸಲ ಆವರ್ತಿಸುವ ಪರ್ಯಾಯ ವಿದ್ಯುತ್ತು. ಬ್ಯಾಟರಿಯಲ್ಲಿ ನಿಲ್ಲುವುದು 12 ವೋಲ್ಟಿನ ನೇರ ವಿದ್ಯುತ್ತು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದು ಚಾರ್ಜರಿನ ಕೆಲಸ. ಎರಡನೆಯದನ್ನು ಮರಳಿ ಮೊದಲನೆಯದಾಗಿ ಮಾಡುವುದು ಇನ್ವರ್ಟರಿನ ಕೆಲಸ. ನಮ್ಮ ಮನೆಗಳ ಇನ್ವರ್ಟರು ಪೆಟ್ಟಿಗೆಯಲ್ಲಿ ಈ ಎರಡೂ ಒಂದೇ ಕವಚದೊಳಗೆ ಅಡಗಿರುವುದರಿಂದ ಅವು ಬೇರೆ ಬೇರೆ ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ, ಮತ್ತು ದೀಪ ಉರಿಯುತ್ತಿದೆಯೆಂಬ ಕಾರಣಕ್ಕೆ ಚಾರ್ಜಿಂಗ್ ಕೂಡ ನಡೆಯುತ್ತಿದೆಯೆಂದು ಅವರು ಭಾವಿಸಿಬಿಡುತ್ತಾರೆ.

ಈ ದಾರಿಯನ್ನು ಮಲಪ್ರಭೆಯ ಕಾಲುವೆಯಂತೆ ಕಲ್ಪಿಸಿಕೊಂಡರೆ ವಿಷಯವು ಸುಲಭವಾಗಿ ಗ್ರಾಹ್ಯವಾಗುತ್ತದೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ರೇಣುಕಾಸಾಗರ ತುಂಬಿ ನಿಂತಿದ್ದರೂ ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟದಿದ್ದರೆ, ರೈತನು ತನ್ನ ಹೊಲದ ಮಣ್ಣನ್ನು ದೂರದೆ ಕಾಲುವೆಯಗುಂಟ ನಡೆದು ಎಲ್ಲಿ ಒಡ್ಡು ಒಡೆದಿದೆ, ಎಲ್ಲಿ ಹೂಳು ತುಂಬಿದೆ ಎಂದು ನೋಡುತ್ತಾನೆ. ವೋಲ್ಟೇಜು ನೀರಿನ ಒತ್ತಡ, ಆಂಪಿಯರು ಹರಿಯುವ ನೀರಿನ ಪ್ರಮಾಣ, ತಂತಿಯ ಪ್ರತಿರೋಧವೇ ಹೂಳು. ಬ್ಯಾಟರಿ ಕೊನೆಯ ಹೊಲ.

ಮೊದಲ ಪರೀಕ್ಷೆ: ಸಾಕೆಟ್ಟು ಮತ್ತು ನೆಲ

ಜಾತ್ರೆಗೆ ಬಂದ ವಾಹನವು ಧರ್ಮಶಾಲೆಯ ವರಾಂಡದಿಂದಲೋ ಪರಿಚಯದವರ ಮನೆಯಿಂದಲೋ ವಾಯರು ಎಳೆದುಕೊಂಡು ಕರೆಂಟು ಪಡೆಯುವುದು ವಾಡಿಕೆ. ಹಾಗೆ ಪ್ಲಗ್ಗು ತೂರಿಸುವ ಮುನ್ನ ಮಾಡಬೇಕಾದ ಪರೀಕ್ಷೆಯೊಂದುಂಟು. ಅದು ಬ್ಯಾಟರಿಗೆ ಸಂಬಂಧಿಸಿದ್ದಲ್ಲ, ಪ್ರಾಣಕ್ಕೆ ಸಂಬಂಧಿಸಿದ್ದು. ನಮ್ಮ ಮೂರು ರಂಧ್ರದ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ರಂಧ್ರವು ಅರ್ಥಿಂಗಿನದು, ಬಲಗಡೆಯದು ಫೇಸು, ಎಡಗಡೆಯದು ನ್ಯೂಟ್ರಲ್ಲು. ಮಲ್ಟಿಮೀಟರಿನಿಂದ ಅಳೆದರೆ ಫೇಸು ಮತ್ತು ನ್ಯೂಟ್ರಲ್ಲಿನ ನಡುವೆ 230ರ ಆಸುಪಾಸು, ಫೇಸು ಮತ್ತು ಅರ್ಥಿನ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ಲು ಮತ್ತು ಅರ್ಥಿನ ನಡುವೆ ಒಂದೆರಡು ವೋಲ್ಟು ತೋರಿಸತಕ್ಕದ್ದು. ಫೇಸಿನಿಂದ ಅರ್ಥಿಗೆ ಏನೂ ತೋರಿಸದಿದ್ದರೆ ಅಲ್ಲಿ ಅರ್ಥಿಂಗು ಹೆಸರಿಗೆ ಮಾತ್ರ ಇದೆ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಹತ್ತಾರು ವೋಲ್ಟು ಕಂಡರೆ ಎಲ್ಲಿಯೋ ಜೋಡಣೆ ಸಡಿಲವಾಗಿದೆ. ದೀಪ ಮಿನುಗುವ ಟೆಸ್ಟರು ಫೇಸಿದೆಯೆಂಬುದನ್ನು ಮಾತ್ರ ಹೇಳಬಲ್ಲದು. ನ್ಯೂಟ್ರಲ್ಲಿನ ಸ್ಥಿತಿಯನ್ನಾಗಲಿ ಅರ್ಥಿನ ಸ್ಥಿತಿಯನ್ನಾಗಲಿ ಅದು ಹೇಳಲಾರದು.

ರಬ್ಬರಿನ ಗಾಲಿಗಳ ಮೇಲೆ ನಿಂತ ವಾಹನದ ಲೋಹದ ಮೈ ನೆಲದಿಂದ ಬೇರ್ಪಟ್ಟಿರುತ್ತದೆ. ಒಳಗಿನ ಯಾವುದೋ ಉಪಕರಣದಲ್ಲಿ ಫೇಸು ಮೈಗೆ ತಾಗಿದರೆ ಒಳಗೆ ಕುಳಿತವನಿಗೆ ಏನೂ ಅನ್ನಿಸದು, ಏಕೆಂದರೆ ಅವನ ಸುತ್ತಲಿನದೆಲ್ಲ ಒಂದೇ ವೋಲ್ಟೇಜಿನಲ್ಲಿರುತ್ತದೆ. ಆದರೆ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲಿನ ಹಿಡಿಕೆಗೆ ಕೈಯಿಟ್ಟ ತಾಯಿಯ ಅಥವಾ ಮಗುವಿನ ದೇಹದ ಮೂಲಕ ಆ ವಿದ್ಯುತ್ತು ಭೂಮಿಗೆ ಹರಿಯುತ್ತದೆ. ಆದಕಾರಣ ವಾಹನದ ಮೈಯನ್ನು ಸಾಕೆಟ್ಟಿನ ಅರ್ಥಿಗೆ ಕೂಡಿಸುವ ಮೂರನೆಯ ತಂತಿಯನ್ನು ಯಾವ ನೆಪದಿಂದಲೂ ಬಿಡತಕ್ಕದ್ದಲ್ಲ. ಅದಕ್ಕೂ ಮಿಗಿಲಾದ ಅಪರಾಧವೆಂದರೆ, ಅರ್ಥಿಂಗು ಇಲ್ಲದ ಕಡೆ ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನ ತಂತಿಯನ್ನೇ ಅರ್ಥಿನ ರಂಧ್ರಕ್ಕೆ ಸುತ್ತಿ ಕೆಲಸ ಮುಗಿಸುವುದು. ಎಲ್ಲವೂ ಸರಿಯಿರುವವರೆಗೆ ಇದು ನಡೆಯುತ್ತಿರುತ್ತದೆ. ಮೇಲಿನ ನ್ಯೂಟ್ರಲ್ಲು ಎಲ್ಲಿಯಾದರೂ ಕಡಿದುಹೋದ ಕ್ಷಣದಲ್ಲಿ ಒಳಗಿನ ಬಲ್ಬಿನ ಮೂಲಕ ಬಂದ ಫೇಸು ವಾಹನದ ಇಡೀ ಮೈಯನ್ನು ಆವರಿಸಿಬಿಡುತ್ತದೆ.

ನೆಲವೂ ಈ ವಿಚಾರದಲ್ಲಿ ಒಂದು ಪಾತ್ರಧಾರಿ. ಬೈಲಹೊಂಗಲ ಸವದತ್ತಿಗಳ ಎರೆಮಣ್ಣು ಹಸಿಯಿದ್ದಾಗ ವಿದ್ಯುತ್ತನ್ನು ಸಲೀಸಾಗಿ ಒಳಗೊಳ್ಳುತ್ತದೆ. ಆದರೆ ಬೇಸಗೆಯಲ್ಲಿ ಅದು ಬಿರಿದು ಬಾಯ್ದೆರೆದಾಗ ಹುಗಿದ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಯಲ್ಲಮ್ಮನ ಗುಡ್ಡದಂತಹ ಕಲ್ಲುನೆಲದಲ್ಲಿ ಮೊಳದುದ್ದದ ಕಬ್ಬಿಣದ ಸರಳನ್ನು ಬಡಿದ ಮಾತ್ರಕ್ಕೆ ಅರ್ಥಿಂಗು ಆಗಲಾರದು. ಮಲೆನಾಡಿನ ಅಂಚಿಗಿರುವ ಕಿತ್ತೂರಿನಲ್ಲಿ ಮಳೆಗಾಲದುದ್ದಕ್ಕೂ ಚೆನ್ನಾಗಿದ್ದ ಅರ್ಥಿಂಗು ಏಪ್ರಿಲ್ಲಿನಲ್ಲಿ ದುರ್ಬಲವಾಗಬಹುದು. ರಾಮದುರ್ಗದ ಒಣ ನೆಲದಲ್ಲಿ ಅದು ವರ್ಷದ ಬಹುಕಾಲ ದುರ್ಬಲವಾಗಿಯೇ ಇರಬಹುದು. ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಗೆ ಬೇಸಗೆಯಲ್ಲಿ ನೀರುಣಿಸುತ್ತಿರಬೇಕೆಂದು ಹಳೆಯ ವಾಯರ್‌ಮನ್ನರು ಹೇಳುತ್ತ ಬಂದಿರುವುದು ಈ ಕಾರಣಕ್ಕಾಗಿಯೇ.

ಅರ್ಥಿಂಗಿನ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಕ ಸ್ವಿಚ್ಚು ವಾಹನದ ಪ್ರವೇಶದಲ್ಲಿಯೇ ಇರತಕ್ಕದ್ದು. ಫೇಸಿನಿಂದ ಹೋದ ವಿದ್ಯುತ್ತೆಲ್ಲ ನ್ಯೂಟ್ರಲ್ಲಿನಿಂದ ಮರಳಿತೇ ಎಂಬ ಲೆಕ್ಕವನ್ನು ಅದು ಕ್ಷಣಕ್ಷಣಕ್ಕೂ ಹಿಡಿಯುತ್ತದೆ. ಕೊರತೆ ಬಿದ್ದರೆ ಅದು ಯಾರದೋ ಮೈಯ ಮೂಲಕ ಸೋರುತ್ತಿರಬಹುದೆಂದು ಕಡಿದುಹಾಕುತ್ತದೆ. ಪ್ಲಗ್ಗು ಹಾಕಿದೊಡನೆ ಅದು ಬೀಳುವುದಾದರೆ ಅದನ್ನು ತೆಗೆದುಹಾಕುವುದು ಮೂರ್ಖತನ. ಒಳಗಿನ ಎಲ್ಲ ಉಪಕರಣಗಳನ್ನು ಬಿಡಿಸಿ ಒಂದೊಂದಾಗಿ ಜೋಡಿಸುತ್ತ ಹೋದರೆ ನೀರು ಕಾಯಿಸುವ ಕಾಯಿಲ್ಲೋ, ಒದ್ದೆಯಾದ ಪ್ಲಗ್ಗೋ, ವಾಹನದೊಳಗೆ ನ್ಯೂಟ್ರಲ್ಲನ್ನೂ ಅರ್ಥನ್ನೂ ತಪ್ಪಾಗಿ ಬೆಸೆದ ಜಾಗವೋ ಸಿಕ್ಕೇ ಸಿಗುತ್ತದೆ.

ಕುಗ್ಗಿದ ವೋಲ್ಟೇಜು, ಉದ್ದನೆಯ ವಾಯರು

ಸಾಕೆಟ್ಟು ನಿರ್ದೋಷಿಯೆಂದಾದ ಮೇಲೆ ವೋಲ್ಟೇಜಿನ ವಿಚಾರ. ಮನೆಗಳಿಗೆ ಕೊಡುವ ವಿದ್ಯುತ್ತು ನಿಯಮದಂತೆ 230ರಿಂದ ಶೇಕಡ 6ರಷ್ಟು ಮಾತ್ರ ಆಚೀಚೆ ಹೋಗಬೇಕು, ಎಂದರೆ ಸುಮಾರು 216ರಿಂದ 244ರೊಳಗೆ ಇರಬೇಕು. ಆದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ, ಅದರಲ್ಲೂ ಕಬ್ಬಿಗೆ ನೀರು ಹಾಯಿಸುವ ಪಂಪುಸೆಟ್ಟುಗಳೂ ಜಾತ್ರೆಯ ಅಂಗಡಿಗಳ ದೀಪಗಳೂ ಒಮ್ಮೆಗೇ ಹತ್ತಿದಾಗ, ಅದು 180ಕ್ಕೋ ಇನ್ನೂ ಕೆಳಕ್ಕೋ ಇಳಿಯುವುದು ಈ ಭಾಗದವರಿಗೆ ಹೊಸದಲ್ಲ. ಮನೆಬಳಕೆಯ ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್ ಎಂದೂ ನಾರ್ಮಲ್ ಅಥವಾ ಇಕೊ ಎಂದೂ ಗುರುತು ಹಾಕಿದ ಪುಟ್ಟ ಸ್ವಿಚ್ಚೊಂದಿರುತ್ತದೆ. ಯುಪಿಎಸ್ ಸ್ಥಾನದಲ್ಲಿದ್ದರೆ ವೋಲ್ಟೇಜು ಸುಮಾರು 180ಕ್ಕಿಂತ ಕೆಳಗಿಳಿದೊಡನೆ ಯಂತ್ರವು ಕರೆಂಟು ಹೋಯಿತೆಂದೇ ತಿಳಿದು ಚಾರ್ಜಿಂಗ್ ನಿಲ್ಲಿಸಿ ಬ್ಯಾಟರಿಯನ್ನೇ ಖರ್ಚುಮಾಡತೊಡಗುತ್ತದೆ. ಇನ್ನೊಂದು ಸ್ಥಾನದಲ್ಲಿದ್ದರೆ ಅದಕ್ಕಿಂತ ಬಹಳ ಕಡಿಮೆಯಲ್ಲಿಯೂ ಚಾರ್ಜು ಮಾಡುತ್ತದೆ. ಗೋಡೆಯ ದೀಪ ಮಂದವಾಗಿ ಉರಿಯುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತಿದ್ದ ಎಷ್ಟೋ ರಹಸ್ಯಗಳು ಈ ಸ್ವಿಚ್ಚನ್ನು ಸರಿಸಿದ ಮಾತ್ರಕ್ಕೆ ಬಗೆಹರಿಯುತ್ತವೆ.

ಊರಿನ ತಂತಿಯ ದೋಷಕ್ಕೆ ನಾವು ಹೊಣೆಗಾರರಲ್ಲವಾದರೂ ನಮ್ಮ ಎಕ್ಸ್‌ಟೆನ್ಶನ್ ವಾಯರಿನ ದೋಷಕ್ಕೆ ನಾವೇ ಹೊಣೆ. ಲೆಕ್ಕವು ಸರಳವಾಗಿದೆ. 0.75 ಚದರ ಮಿಲಿಮೀಟರಿನ ತೆಳು ತಾಮ್ರದ ವಾಯರು 30 ಮೀಟರ್ ಉದ್ದವಿದ್ದರೆ, ವಿದ್ಯುತ್ತು ಹೋಗಿ ಬರುವ ದಾರಿ 60 ಮೀಟರು, ಅದರ ಪ್ರತಿರೋಧ ಸುಮಾರು ಒಂದೂವರೆ ಓಮು. ಅದರಲ್ಲಿ ನೀರು ಕಾಯಿಸುವ ಹೀಟರಿನ 10 ಆಂಪಿಯರು ಹರಿದರೆ ವಾಯರಿನಲ್ಲಿಯೇ 15 ವೋಲ್ಟಿಗೂ ಹೆಚ್ಚು ನಷ್ಟವಾಗಿ, 150 ವ್ಯಾಟಿನಷ್ಟು ಶಾಖವು ವಾಯರಿನುದ್ದಕ್ಕೂ ಹುಟ್ಟುತ್ತದೆ. 1.5 ಚದರ ಮಿಲಿಮೀಟರಿನ ವಾಯರಾದರೆ ನಷ್ಟವು ಅದರ ಅರ್ಧ, 2.5ರದಾದರೆ ಇನ್ನೂ ಕಡಿಮೆ. ಉಳಿದ ವಾಯರನ್ನು ಸುರುಳಿಯಾಗಿಯೇ ಬಿಟ್ಟು ಅದರ ಮೇಲೆ ಹಾಸಿಗೆ ಚೀಲಗಳನ್ನು ಒಟ್ಟಿದರೆ ಆ ಶಾಖಕ್ಕೆ ಹೊರಹೋಗುವ ದಾರಿಯಿಲ್ಲದೆ ಮೇಲಿನ ಪ್ಲಾಸ್ಟಿಕ್ಕು ಕರಗುತ್ತದೆ, ಬೆಂಕಿಯೂ ಹತ್ತಬಹುದು. ವಾಯರನ್ನು ಪೂರ್ಣವಾಗಿ ಬಿಚ್ಚಿ ಹರಡಬೇಕು. ಜನರು ತುಳಿಯದಂತೆ, ನೀರು ನಿಲ್ಲದ ಕಡೆ ಹಾಯಿಸಬೇಕು. ಎಕ್ಸ್‌ಟೆನ್ಶನ್ನಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಸಿಕ್ಕಿಸುವ ಚಾಳಿಯನ್ನು ತೊರೆಯಬೇಕು.

ಕುಗ್ಗಿದ ವೋಲ್ಟೇಜಿಗಿಂತಲೂ ಭೀಕರವಾದುದು ಏರಿದ ವೋಲ್ಟೇಜು. ಮೂರು ಫೇಸಿನ ಕಂಬದಿಂದ ಸಿಂಗಲ್ ಫೇಸು ಪಡೆದ ಮನೆಗಳ ಸಾಲಿನಲ್ಲಿ ನ್ಯೂಟ್ರಲ್ಲು ಕಡಿದರೆ, ಎರಡು ಫೇಸುಗಳ ನಡುವಿನ 400 ವೋಲ್ಟು ಮನೆಗಳ ನಡುವೆ ಅಸಮವಾಗಿ ಹಂಚಿಕೆಯಾಗಿ, ಕಡಿಮೆ ಉಪಕರಣಗಳಿದ್ದ ಮನೆಗೆ ಹೆಚ್ಚಿನ ಪಾಲು ಬೀಳುತ್ತದೆ. ಓಣಿಯಲ್ಲಿ ಕೆಲವು ದೀಪಗಳು ಮಂಕಾಗಿ ಕೆಲವು ಕಣ್ಣು ಕುಕ್ಕುವಂತೆ ಉರಿಯತೊಡಗಿದರೆ ಅದು ಇದರ ಲಕ್ಷಣ. ಆ ಕ್ಷಣವೇ ಮೇನ್ ಸ್ವಿಚ್ಚನ್ನು ಆರಿಸಿ ಲೈನ್‌ಮನ್ನನಿಗೆ ತಿಳಿಸಬೇಕು. ಹೆಚ್ಚು ಮತ್ತು ಕಡಿಮೆ ವೋಲ್ಟೇಜುಗಳೆರಡಕ್ಕೂ ಕಡಿದುಕೊಳ್ಳುವ ರಕ್ಷಕ ಉಪಕರಣವೊಂದನ್ನು ವಾಹನದಲ್ಲಿ ಅಳವಡಿಸುವುದು ಒಳ್ಳೆಯದು; ಅದರ ಬೆಲೆಯು ಒಂದು ಚಾರ್ಜರಿನ ಬೆಲೆಗಿಂತ ಬಹಳ ಕಡಿಮೆ.

ಚಾರ್ಜರಿನಿಂದ ಬ್ಯಾಟರಿಯವರೆಗೆ

ಗುಡ್ಡದ ಬಯಲಿನಲ್ಲಿ ಜಾತ್ರೆಗೆ ಬಂದು ನಿಂತಿದ್ದ ಒಂದು ಟೆಂಪೊದ ಬಳಿ ನಾನು ಕಂಡ ಸಂಗತಿಯು ಈ ಭಾಗದ ತತ್ತ್ವವನ್ನು ಚೆನ್ನಾಗಿ ತೋರಿಸುತ್ತದೆ. ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು; ಬ್ಯಾಟರಿ ಮಾತ್ರ ಪ್ರತಿ ಬೆಳಗಿನ ಜಾವಕ್ಕೆ ಕೈಕೊಡುತ್ತಿತ್ತು. ವಾಹನದ ಹಿರಿಯರು, "ಏನ್ ತಮ್ಮಾ, ಬ್ಯಾಟ್ರಿ ಹೋತೇನು? ಹೊಸಾದು ತರಸೂಣೇನು?" ಎಂದು ಕೇಳಿದರು. ಮೀಟರು ಹಿಡಿದು ಕುಳಿತಿದ್ದ ತರುಣನು, "ತಡೀರಿ ಕಾಕಾ, ಬ್ಯಾಟ್ರಿ ಮ್ಯಾಲ ಹೆಸರ ಇಡೂದ ಬ್ಯಾಡ, ಮೊದ್ಲ ದಾರಿ ನೋಡೂಣು" ಎಂದನು. ಅವನು ಮೀಟರಿನ ಮೊನೆಗಳನ್ನು ಚಾರ್ಜರಿನ ತುದಿಗಳಿಗೆ ತಾಗಿಸಿದಾಗ 14.3 ವೋಲ್ಟು ಕಂಡಿತು. ಬ್ಯಾಟರಿಯ ಸೀಸದ ಕಂಬಗಳಿಗೆ ತಾಗಿಸಿದಾಗ 13.1 ಮಾತ್ರ. ನಡುವಿನ 1.2 ವೋಲ್ಟು ಎಲ್ಲಿ ಹೋಯಿತೆಂದು ಅವನು ಒಂದು ಮೊನೆಯನ್ನು ಕಂಬದ ಮೇಲೂ ಇನ್ನೊಂದನ್ನು ಅದೇ ಕಂಬಕ್ಕೆ ಬಿಗಿದ ಲಗ್ಗಿನ, ಎಂದರೆ ಕೇಬಲ್ಲಿನ ತುದಿಯ ಲೋಹದ ಬಳೆಯ, ಮೇಲೂ ಇಟ್ಟು ನೋಡಿದನು. ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದ ಆ ಎರಡರ ನಡುವೆ ಮೀಟರು ಸುಮಾರು ಒಂದು ವೋಲ್ಟನ್ನು ತೋರಿಸಿತು. ನಟ್ಟು ಬಿಚ್ಚಿದಾಗ ಒಳಗೆ ನೀಲಿಮಿಶ್ರಿತ ಬಿಳಿಯ ಪುಡಿಯು ಹೊಪ್ಪಳೆಗಟ್ಟಿತ್ತು. ಬಿಸಿನೀರಿಗೆ ಅಡಿಗೆಸೋಡ ಬೆರೆಸಿ ಅದನ್ನು ತೊಳೆದು, ಒರಸಿ, ಲೋಹ ಹೊಳೆಯುವಂತೆ ಉಜ್ಜಿ, ನಟ್ಟು ಬಿಗಿದು, ಮೇಲೆ ವ್ಯಾಸಲೀನು ಸವರಿದ ಮೇಲೆ ಬ್ಯಾಟರಿಯ ಕಂಬಗಳಲ್ಲಿಯೂ 14.2 ವೋಲ್ಟು ಬಂದಿತು.

ಇದರ ಕಾರಣವು ಅಂಕಗಣಿತದಷ್ಟು ಸ್ಪಷ್ಟ. 230 ವೋಲ್ಟಿನ ಕಡೆ 2 ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುವ 500 ವ್ಯಾಟಿನ ಹೊರೆಯು 12 ವೋಲ್ಟಿನ ಕಡೆ 40 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಓಮಿನ ನೂರನೆಯ ಒಂದು ಭಾಗದಷ್ಟು ಪ್ರತಿರೋಧವು 230ರ ಕಡೆ ಗಣನೆಗೇ ಬಾರದು. 12ರ ಕಡೆ ಅದೇ ಪ್ರತಿರೋಧವು 50 ಆಂಪಿಯರಿಗೆ ಅರ್ಧ ವೋಲ್ಟನ್ನು ನುಂಗಿ 25 ವ್ಯಾಟಿನ ಶಾಖವನ್ನು ಒಂದು ನಟ್ಟಿನ ತಳದಲ್ಲಿ ಹುಟ್ಟಿಸುತ್ತದೆ. ಆದ್ದರಿಂದ ಬ್ಯಾಟರಿಯ ಕಡೆಯ ಕೇಬಲ್ಲು ದಪ್ಪವಾಗಿಯೂ ಗಿಡ್ಡವಾಗಿಯೂ ಇರತಕ್ಕದ್ದು. ಅದರ ಲಗ್ಗುಗಳನ್ನು ಸುತ್ತಿಗೆಯಿಂದ ಜಜ್ಜದೆ ಸರಿಯಾದ ಉಪಕರಣದಿಂದ ಒತ್ತಿ ಕೂರಿಸತಕ್ಕದ್ದು. ಪ್ಲಸ್ ಕೇಬಲ್ಲಿನಲ್ಲಿ, ಬ್ಯಾಟರಿಗೆ ಗೇಣು ದೂರದೊಳಗೆ, ಒಂದು ಫ್ಯೂಜು ಇರಲೇಬೇಕು. ದಾರಿಯ ಕುಲುಕಾಟಕ್ಕೆ ಕೇಬಲ್ಲಿನ ಮೈ ಸವೆದು ಲೋಹಕ್ಕೆ ತಾಗಿದಾಗ ನೂರಾರು ಆಂಪಿಯರು ಹರಿದು ವಾಹನವು ಹೊತ್ತಿ ಉರಿಯುವುದನ್ನು ತಪ್ಪಿಸುವುದು ಆ ಫ್ಯೂಜೊಂದೇ.

ಚಾರ್ಜರಿನ ತುದಿಯಲ್ಲಿಯೇ 12.5 ಅಥವಾ ಅದಕ್ಕೂ ಕಡಿಮೆ ಕಂಡು, ಗಂಟೆಗಟ್ಟಲೆ ಅಲ್ಲಿಯೇ ನಿಂತರೆ, ಆಗ ಚಾರ್ಜರಿಗೆ ಕರೆಂಟು ಬರುತ್ತಿದೆಯೇ, ಎಂಸಿಬಿ ಎಂಬ ರಕ್ಷಕ ಸ್ವಿಚ್ಚು ಬಿದ್ದಿದೆಯೇ, ಒಳಗಿನ ಫ್ಯೂಜು ಸುಟ್ಟಿದೆಯೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದರೆ ಚಾರ್ಜರು ಕೆಟ್ಟಿದೆಯೆನ್ನಬಹುದು. ಒಳ್ಳೆಯ ಚಾರ್ಜರು ಮೂರು ಹಂತಗಳಲ್ಲಿ ಕೆಲಸಮಾಡುತ್ತದೆ: ಮೊದಲು ತನ್ನ ಪೂರ್ಣ ಆಂಪಿಯರನ್ನು ಸುರಿಯುತ್ತದೆ; ಬ್ಯಾಟರಿಯು 14.4ರ ಆಸುಪಾಸಿಗೆ ಬಂದ ಮೇಲೆ ಅಷ್ಟಕ್ಕೇ ಹಿಡಿದು ಆಂಪಿಯರು ತಾನಾಗಿ ತಗ್ಗುವವರೆಗೆ ಕಾಯುತ್ತದೆ, ಕಡೆಗೆ 13.6ರ ಸುಮಾರಿನಲ್ಲಿ ಕಾಪಾಡಿಕೊಂಡು ಬರುತ್ತದೆ. ಈ ಎರಡನೆಯ ಹಂತಕ್ಕೆ ಗಂಟೆಗಳು ಹಿಡಿಯುತ್ತವೆ. 150 ಆಂಪಿಯರ್-ಗಂಟೆಯ ಬ್ಯಾಟರಿಯು ಅರ್ಧ ಖಾಲಿಯಾಗಿದ್ದರೆ 15 ಆಂಪಿಯರಿನ ಚಾರ್ಜರು ಲೆಕ್ಕಕ್ಕೆ 5 ಗಂಟೆಯಲ್ಲಿ ತುಂಬಬೇಕೆನ್ನಿಸಿದರೂ, ನಷ್ಟವನ್ನೂ ಕೊನೆಯ ನಿಧಾನಗತಿಯನ್ನೂ ಕೂಡಿಸಿದರೆ 7-8 ಗಂಟೆ ಬೇಕು. ದಿನಕ್ಕೆ 3 ಗಂಟೆ ಮಾತ್ರ ಸರಿಯಾದ ಕರೆಂಟು ಸಿಕ್ಕ ಜಾಗದಲ್ಲಿ ಬ್ಯಾಟರಿಯು ತುಂಬದೆ ಉಳಿದರೆ ಅದು ಅದರ ದೋಷವಲ್ಲ.

ಬ್ಯಾಟರಿಯ ವಿಚಾರಣೆ

ಇಷ್ಟೆಲ್ಲ ಪರೀಕ್ಷೆಗಳು ಮುಗಿದ ಮೇಲೆ ಬ್ಯಾಟರಿಯ ಸರದಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ಮೂಲತತ್ತ್ವವೇ ಇಂದಿನ ಟ್ಯೂಬುಲರ್ ಬ್ಯಾಟರಿಯಲ್ಲಿಯೂ ಇದೆ: ಸೀಸ, ಸೀಸದ ಡೈಆಕ್ಸೈಡು, ಗಂಧಕಾಮ್ಲ. ಬ್ಯಾಟರಿ ಖರ್ಚಾಗುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಚಾರ್ಜಾಗುವಾಗ ಅದು ಕರಗಿ ಮರಳುತ್ತದೆ. ಅರೆಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳುಗಳಾಗಿ ಮರಳಿ ಕರಗದ ಸ್ಥಿತಿಗೆ ಬರುತ್ತದೆ. ಜಾತ್ರೆ ಮುಗಿಸಿ ಬಂದು ಖಾಲಿ ಬ್ಯಾಟರಿಯನ್ನು ಹಾಗೆಯೇ ಕೊಟ್ಟಿಗೆಯಲ್ಲಿ ಮುಂದಿನ ಜಾತ್ರೆಯವರೆಗೆ ಇಡುವವರು ಅದನ್ನು ಹೀಗೆ ತಮ್ಮ ಕೈಯಾರೆ ಹಾಳುಮಾಡುತ್ತಾರೆ.

ಚಾರ್ಜು ತೆಗೆದು, ಹೊರೆಯನ್ನೂ ತೆಗೆದು, ಮೂರು ನಾಲ್ಕು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.6 ಅಥವಾ 12.7 ಕಂಡರೆ ಬ್ಯಾಟರಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಾದರೆ ತಡಮಾಡದೆ ಚಾರ್ಜಿಗೆ ಹಾಕತಕ್ಕದ್ದು. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಹೈಡ್ರೊಮೀಟರಿನಿಂದ ಆರೂ ಕೋಶಗಳ ಆಮ್ಲವನ್ನು ಅಳೆಯಬೇಕು. ತುಂಬಿದ ಬ್ಯಾಟರಿಯಲ್ಲಿ ಅದು ಸಾಮಾನ್ಯವಾಗಿ 1.240ರ ಸಮೀಪವಿರುತ್ತದೆ. ಐದು ಕೋಶಗಳು ಒಂದೇ ಅಂಕಿ ತೋರಿಸಿ ಆರನೆಯದು 0.030ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಕೋಶ ಕೆಟ್ಟಿದೆ. ಆಗ ಮಾತ್ರ ಬ್ಯಾಟರಿಯನ್ನು ದೂರುವ ಅಧಿಕಾರ ನಮಗುಂಟು. ಫಲಕಗಳು ನೀರಿನಿಂದ ಮೇಲಕ್ಕೆ ಕಾಣದಂತೆ ಬ್ಯಾಟರಿ ನೀರನ್ನು, ಎಂದರೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ತುಂಬಬೇಕು. ಬೋರಿನ ನೀರಾಗಲಿ ಮಲಪ್ರಭೆಯ ನೀರಾಗಲಿ ಅದರಲ್ಲಿರುವ ಲವಣಗಳಿಂದ ಫಲಕಗಳನ್ನು ಕೆಡಿಸುತ್ತದೆ. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ವಾಹನದೊಳಗೆ 40 ಡಿಗ್ರಿ ಶಾಖವಿದ್ದಾಗ 14.4ರ ಬದಲು 14.1 ವೋಲ್ಟು ಸಾಕು. ಹೆಚ್ಚಾದರೆ ನೀರು ಬೇಗ ಆರುತ್ತದೆ. ಚಾರ್ಜಿನ ಕೊನೆಯಲ್ಲಿ ಹೊರಡುವ ಹೈಡ್ರೊಜನ್ ಅನಿಲವು ಕಿಡಿಗೆ ಸ್ಫೋಟಿಸುವುದರಿಂದ ಬ್ಯಾಟರಿಯನ್ನು ಮಲಗುವ ಹಲಗೆಯ ಕೆಳಗೆ ಗಾಳಿಯಿಲ್ಲದೆ ಮುಚ್ಚಿಡುವುದೂ, ಅದರ ಬಳಿ ಬೀಡಿ ಸೇದುವುದೂ ಸಲ್ಲದು.

ಅಷ್ಟಾದ ಮೇಲೆ ಬ್ಯಾಟರಿಯೂ ನಿರ್ದೋಷಿಯೆಂದು ಕಂಡರೆ ಹೊರೆಯ ಲೆಕ್ಕವನ್ನು ಬರೆದು ನೋಡಬೇಕು. 9 ವ್ಯಾಟಿನ ಎರಡು ದೀಪ 5 ಗಂಟೆಗೆ 90 ವ್ಯಾಟ್-ಗಂಟೆ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಎರಡು, 8 ಗಂಟೆಗೆ 480, ನಾಲ್ಕು ಮೊಬೈಲಿಗೆ 60, ಒಟ್ಟು 630. ಇನ್ವರ್ಟರಿನ ನಷ್ಟವೂ ಸೇರಿ ಸುಮಾರು 60 ಆಂಪಿಯರ್-ಗಂಟೆ. 150ರ ಬ್ಯಾಟರಿಗೆ ಇದು ಹಿತಮಿತವಾದ ಹೊರೆ, ಏಕೆಂದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದಿದ್ದರೆ ಅದು ಬಹುಕಾಲ ಬಾಳುತ್ತದೆ. ಅದೇ ಎರಡು ಫ್ಯಾನುಗಳು 75 ವ್ಯಾಟಿನ ಹಳೆಯ ಫ್ಯಾನುಗಳಾಗಿದ್ದರೆ ಲೆಕ್ಕವು 130 ಆಂಪಿಯರ್-ಗಂಟೆಯ ಸಮೀಪಕ್ಕೆ ಏರಿ, ಬೆಳಗಿನ ಜಾವಕ್ಕೆ ಎಷ್ಟೇ ಹೊಸದಾದ ಬ್ಯಾಟರಿಯೂ ಬರಿದಾಗುತ್ತದೆ. ಇಲ್ಲಿ ಬದಲಿಸಬೇಕಾದುದು ಫ್ಯಾನು.

ಲಿಥಿಯಂ ಐರನ್ ಫಾಸ್ಫೇಟಿನ ಬ್ಯಾಟರಿಗಳು ಹಗುರ, ದೀರ್ಘಾಯು, ಬಹುಪಾಲು ಖಾಲಿಯಾದರೂ ಕೆಡದವು. ಆದರೆ ಸೀಸದ ಬ್ಯಾಟರಿಗೆಂದು ಮಾಡಿದ ಚಾರ್ಜರಿಗೆ ಕಣ್ಣುಮುಚ್ಚಿ ಕೂಡಿಸತಕ್ಕವಲ್ಲ. ಅವುಗಳ ಒಳಗಿನ ರಕ್ಷಣಾ ವ್ಯವಸ್ಥೆಯು ಅಪಾಯ ಕಂಡೊಡನೆ ಬ್ಯಾಟರಿಯನ್ನು ಪೂರ್ಣವಾಗಿ ಕಡಿದುಬಿಡುವುದರಿಂದ ಮೀಟರಿನಲ್ಲಿ ಸೊನ್ನೆಯೇ ಕಾಣಬಹುದು. ಅದನ್ನು ಸತ್ತ ಬ್ಯಾಟರಿಯೆಂದು ಎಸೆಯದೆ, ಲಿಥಿಯಮ್ಮಿಗೆ ಹೊಂದುವ ಚಾರ್ಜರಿನಿಂದ ಎಚ್ಚರಿಸಿ ನೋಡಬೇಕು.

ಎಂಜಿನ್ನು ಮತ್ತು ಸೂರ್ಯ

ಸುಗ್ಗಿಯ ಕಾಲದಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಸುತ್ತಲಿನ ಹೊಲಗಳಿಗೆ ಕಬ್ಬು ಕಡಿಯಲು ಬರುವ ಗ್ಯಾಂಗಿನವರು ತಿಂಗಳುಗಟ್ಟಲೆ ಜೋಪಡಿಗಳಲ್ಲಿ ವಾಸಮಾಡುತ್ತ, ಟ್ರ್ಯಾಕ್ಟರಿನ ಬ್ಯಾಟರಿಯಿಂದಲೇ ದೀಪವನ್ನೂ ಮೊಬೈಲನ್ನೂ ನಡೆಸುವುದುಂಟು. ಸಂಚಾರಿ ಮನೆಯ ನಿಜವಾದ ಕಷ್ಟವನ್ನು ಬಲ್ಲವರು ಅವರು: ರಾತ್ರಿ ದೀಪ ಉರಿದರೆ ಬೆಳಿಗ್ಗೆ ಎಂಜಿನ್ನು ಚಾಲೂ ಆಗದು. ಎಂಜಿನ್ನಿನ ಬ್ಯಾಟರಿಯು ಕ್ಷಣಕಾಲ ಭಾರಿ ವಿದ್ಯುತ್ತನ್ನು ಕೊಡಲು ಹುಟ್ಟಿದ್ದು, ಮನೆಯ ಬ್ಯಾಟರಿಯು ಅಲ್ಪ ವಿದ್ಯುತ್ತನ್ನು ದೀರ್ಘಕಾಲ ಕೊಡಲು ಹುಟ್ಟಿದ್ದು. ಎರಡರ ಕೆಲಸವನ್ನು ಒಂದಕ್ಕೆ ಹೊರಿಸಿದರೆ ಎರಡೂ ಕೆಡುತ್ತವೆ. ಎರಡು ಬ್ಯಾಟರಿಗಳನ್ನಿಟ್ಟು, ಎಂಜಿನ್ನು ನಡೆಯುವಾಗ ಮಾತ್ರ ಅವು ಕೂಡುವಂತೆ ರಿಲೇ ಹಾಕುವುದು ಸರಳ ಉಪಾಯ. ಹೊಸ ವಾಹನಗಳ ಆಲ್ಟರ್ನೇಟರುಗಳು ಇಂಧನ ಉಳಿಸಲು ವೋಲ್ಟೇಜನ್ನು ತಗ್ಗಿಸುವುದರಿಂದ ಅವುಗಳಲ್ಲಿ ಡಿಸಿ-ಡಿಸಿ ಚಾರ್ಜರು ಅಗತ್ಯ. ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಆಲ್ಟರ್ನೇಟರಿಗೆ ಕೂಡಿಸಿದರೆ ಅದು ಹಸಿದವನಂತೆ ಎಳೆದು ಆಲ್ಟರ್ನೇಟರನ್ನೇ ಸುಡಬಲ್ಲದು.

ಬಿಸಿಲಂತೂ ಈ ಸೀಮೆಗೆ ಧಾರಾಳವಾಗಿ ದೊರೆತ ಸಂಪತ್ತು. 100 ವ್ಯಾಟಿನ ಒಂದು ಸೋಲಾರ್ ಫಲಕವು ಒಳ್ಳೆಯ ಬಿಸಿಲಿನ ದಿನದಲ್ಲಿ ಸುಮಾರು 25ರಿಂದ 30 ಆಂಪಿಯರ್-ಗಂಟೆಯಷ್ಟು ಬ್ಯಾಟರಿಗೆ ತುಂಬಬಲ್ಲದು. ಹಾಗಾಗಿ ಮೇಲೆ ಹೇಳಿದ ಮಿತವಾದ ಸಂಸಾರಕ್ಕೆ ಅಂತಹ ಎರಡು ಮೂರು ಫಲಕಗಳು ಸಾಲುತ್ತವೆ. ಜಾತ್ರೆಯ ಧೂಳೂ ಭಂಡಾರವೂ ಫಲಕದ ಮೇಲೆ ಕವಿದರೆ ಇಳುವರಿ ಇಳಿಯುತ್ತದೆ, ಮೂಲೆಯೊಂದರ ಮೇಲೆ ಮರದ ನೆರಳು ಬಿದ್ದರೂ ಇಡೀ ಫಲಕದ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ಫಲಕ ಕೆಟ್ಟಿದೆಯೆನ್ನುವ ಮೊದಲು ಒಂದು ಒದ್ದೆ ಬಟ್ಟೆಯನ್ನು ಪ್ರಯೋಗಿಸಬೇಕು.

ಜಾತ್ರೆಯ ಬಯಲಿಗೆ ಸಲ್ಲಬೇಕಾದ ವ್ಯವಸ್ಥೆ

ಒಡೆಯರ ಜಾಗರೂಕತೆಯೊಂದರಿಂದಲೇ ಎಲ್ಲವೂ ಸರಿಹೋಗದು. ಸಾವಿರಾರು ಸಂಚಾರಿ ಮನೆಗಳು ಒಂದೆಡೆ ನೆರೆಯುವ ಬಯಲಿನಲ್ಲಿ ಕರೆಂಟು ಪಡೆಯಲು ಸರಿಯಾದ ಸ್ಥಳವಿಲ್ಲದಿದ್ದರೆ ಜನರು ಕಂಬದ ತಂತಿಗೆ ಕೊಕ್ಕೆ ಹಾಕುವ ಸಾಹಸಕ್ಕೆ ಇಳಿಯುತ್ತಾರೆ. ಅದು 2003ರ ವಿದ್ಯುತ್ ಕಾಯ್ದೆಯ 135ನೆಯ ಕಲಮಿನಂತೆ ಶಿಕ್ಷಾರ್ಹ ಕಳ್ಳತನವೆಂಬುದಕ್ಕಿಂತಲೂ, ಯಾವ ಫ್ಯೂಜೂ ಯಾವ ಅರ್ಥಿಂಗೂ ಇಲ್ಲದೆ ನಿದ್ದೆಹೋದ ಮಕ್ಕಳ ತಲೆಯ ಮೇಲೆ ತೂಗುವ ಮೃತ್ಯು ಎಂಬುದೇ ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡು ವಾಸನೆಯಿಲ್ಲದ ವಿಷವಾದುದರಿಂದ ಅದನ್ನು ಮಲಗುವ ವಾಹನದ ಪಕ್ಕದಲ್ಲಿ ನಡೆಸುವುದೂ ಅಷ್ಟೇ ಘಾತಕ.

ಯಲ್ಲಮ್ಮನ ಗುಡ್ಡದಲ್ಲಿ, ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರೇಶ್ವರನ ಜಾತ್ರೆಯಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರು 1824ರ ಅಕ್ಟೋಬರ್ 23ರಂದು ಬ್ರಿಟಿಷರ ಮೇಲೆ ಪಡೆದ ವಿಜಯವನ್ನು ಸ್ಮರಿಸುವ ಕಿತ್ತೂರು ಉತ್ಸವದಲ್ಲಿ, ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲಕ್ಕೆ ಬರುವ ಯಾತ್ರಿಕರ ವಾಹನಗಳು ನಿಲ್ಲುವ ಕಡೆಗಳಲ್ಲಿ, ನೀರಿನ ನಲ್ಲಿಗಳನ್ನು ಹಾಕಿಸುವ ಅದೇ ಕಾಳಜಿಯಿಂದ ವಿದ್ಯುತ್ತಿನ ಕಂಬಗಳನ್ನೂ ನಿಲ್ಲಿಸತಕ್ಕದ್ದು. ಮಳೆ ತಾಗದ ಪೆಟ್ಟಿಗೆ, ಅದರೊಳಗೆ 16 ಆಂಪಿಯರಿನ ಕೆಲವು ಸಾಕೆಟ್ಟುಗಳು, ಪ್ರತಿಯೊಂದಕ್ಕೂ ತನ್ನದೇ ಎಂಸಿಬಿ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಕಲ್ಲುನೆಲಕ್ಕೆ ತಕ್ಕಂತೆ ಆಳವಾಗಿ ಮಾಡಿ ಪ್ರತಿ ಜಾತ್ರೆಯ ಮುನ್ನ ಅಳೆದು ನೋಡಿದ ಅರ್ಥಿಂಗು, ಬಳಸಿದಷ್ಟಕ್ಕೆ ಹಣ ಕೊಡುವ ಮೀಟರು: ಇದಕ್ಕೆ ಬೇಕಾದ ವಿದ್ಯೆಯು ನಮ್ಮ ಊರಿನ ವಾಯರ್‌ಮನ್ನರಲ್ಲಿ ಇದೆ, ತಾತ್ಕಾಲಿಕ ಸಂಪರ್ಕ ಕೊಡುವ ಪದ್ಧತಿಯು ಹೆಸ್ಕಾಂನಲ್ಲಿ ಇದೆ, ಕೊರತೆಯಿರುವುದು ಇದನ್ನು ಯಾತ್ರಿಕರ ಹಕ್ಕೆಂದು ಎಣಿಸುವ ಸಂಕಲ್ಪದಲ್ಲಿ.

ವಾಹನದ ಒಡೆಯನು ತನ್ನ ಪಾಲಿಗೆ ಒಂದು ಮಲ್ಟಿಮೀಟರನ್ನೂ ಒಂದು ಪುಟ್ಟ ನೋಟುಪುಸ್ತಕವನ್ನೂ ಇಟ್ಟುಕೊಳ್ಳಲಿ. ಎಲ್ಲವೂ ಸರಿಯಿರುವ ದಿನ ಸಾಕೆಟ್ಟಿನಲ್ಲಿ ಎಷ್ಟು, ಚಾರ್ಜರಿನ ತುದಿಯಲ್ಲಿ ಎಷ್ಟು, ಬ್ಯಾಟರಿಯ ಕಂಬದಲ್ಲಿ ಎಷ್ಟು, ರಾತ್ರಿ ಕಳೆದ ಮೇಲೆ ಎಷ್ಟು ಎಂಬ ನಾಲ್ಕು ಅಂಕಿಗಳನ್ನು ಬರೆದಿಡಲಿ. ಕೆಟ್ಟ ದಿನ ಬಂದಾಗ ಅದೇ ನಾಲ್ಕು ಸ್ಥಳಗಳನ್ನು ಮತ್ತೆ ಅಳೆದರೆ ಯಾವ ಅಂಕಿ ಮೊದಲು ತಪ್ಪಿದೆಯೋ ಅದರ ಹಿಂದಿನ ಗೇಣು ಜಾಗದಲ್ಲಿಯೇ ದೋಷವು ಅಡಗಿರುತ್ತದೆ, ಮತ್ತು ಬೈಲಹೊಂಗಲದ ಅಂಗಡಿಗೆ ಹೋಗಿ ಹೊಸ ಬ್ಯಾಟರಿಯ ಬೆಲೆ ಕೇಳುವ ಅಗತ್ಯವು ನಿಜವಾಗಿಯೂ ಇದೆಯೇ ಎಂಬುದನ್ನು ಅವನೇ ತೀರ್ಮಾನಿಸಬಲ್ಲನು.